ಅತ್ತೆಯ ಕಂಪ್ಯೂಟರಿಗೆ ಎರಡು ಪೆನ್‌ಡ್ರೈವ್

ನಮ್ಮತ್ತೆಗೆ ಮಂಡಿನೋವು. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಂತುಬಿಡುತ್ತಾರೆ. ಆದರೂ ಈ ಊರಿನಲ್ಲಿ ಅವರು ಹತ್ತದ ಹಳೆಯ ಕಟ್ಟಡವಿಲ್ಲ. ಎಲ್ಲವನ್ನೂ ಕಿವಿಯಿಂದ ಹತ್ತಿದ್ದಾರೆ.

ಅವರ ಕೆಲಸವೇ ಅಂಥದ್ದು. ಹಳೆಯ ಕಟ್ಟಡಗಳನ್ನು ತಪಾಸಣೆ ಮಾಡುವ ಆಫೀಸೊಂದಿದೆ. ಅಲ್ಲಿನ ಇಂಜಿನಿಯರುಗಳು ಕಟ್ಟಡದೊಳಗೆ ಓಡಾಡುತ್ತಾ ಕಂಡದ್ದನ್ನೆಲ್ಲ ಫೋನಿಗೆ ಹೇಳುತ್ತಾ ಹೋಗುತ್ತಾರೆ: ಮೂರನೇ ಮಹಡಿ, ಎಡಗಡೆ ಗೋಡೆ, ಕಿಟಕಿಯ ಕೆಳಗೆ ಬಿರುಕು, ಬೆರಳು ಹೋಗುವಷ್ಟು ಅಗಲ. ಆ ಧ್ವನಿ ಅತ್ತೆಯ ಕಂಪ್ಯೂಟರಿಗೆ ಬರುತ್ತದೆ. ಅತ್ತೆ ಹೆಡ್‌ಫೋನ್ ಹಾಕಿಕೊಂಡು, ಕೇಳಿದ್ದನ್ನು ಕೇಳಿದ ಹಾಗೆ ಟೈಪ್ ಮಾಡಿ ಕಳಿಸುತ್ತಾರೆ. ಮೇಜಿನ ಕೆಳಗೆ ಹೊಲಿಗೆ ಮೆಷಿನ್ನಿಗೆ ಇರುವಂಥ ಒಂದು ಪೆಡಲ್. ನಡುವೆ ಒತ್ತಿದರೆ ಧ್ವನಿ ಓಡುತ್ತದೆ, ಎಡಕ್ಕೆ ಒತ್ತಿದರೆ ಒಂದಿಷ್ಟು ಹಿಂದಕ್ಕೆ ಹೋಗಿ ಮತ್ತೆ ಹೇಳುತ್ತದೆ. ಕೈ ಕೀಲಿಗಳ ಮೇಲೆ, ಕಾಲು ಪೆಡಲಿನ ಮೇಲೆ, ಕಣ್ಣು ಎಲ್ಲೋ ಗೋಡೆಯ ಮೇಲೆ. ಆ ಹೊತ್ತಿನಲ್ಲಿ ಅವರ ಮುಖ ನೋಡಿದರೆ ಮೆಟ್ಟಿಲು ಹತ್ತುತ್ತಿರುವುದು ಇಂಜಿನಿಯರಲ್ಲ, ಅತ್ತೆಯೇ ಅನ್ನಿಸುತ್ತದೆ.

ಇಂಜಿನಿಯರುಗಳನ್ನು ಅತ್ತೆ ಕಣ್ಣಿಂದ ನೋಡಿಲ್ಲ. ಅವರಿಗೆಲ್ಲ ಧ್ವನಿಯ ಮೇಲೆ ಹೆಸರಿಟ್ಟಿದ್ದಾರೆ. ಒಬ್ಬ ಗೊಣಗ, ಒಬ್ಬ ರೈಲು, ಇನ್ನೊಬ್ಬ ಕೆಮ್ಮಪ್ಪ. "ಕೆಮ್ಮಪ್ಪ ಇವತ್ತು ಮತ್ತೆ ಸಿಗರೇಟ್ ಬಿಟ್ಟಿದ್ದಾನೆ, ನೋಡು, ಎರಡನೇ ಮಹಡಿವರೆಗೂ ಕೆಮ್ಮಿಲ್ಲ" ಎಂದು ಅವನ ಸ್ವಂತ ತಾಯಿಯಂತೆ ಸಂತೋಷಪಡುತ್ತಾರೆ. ನಮ್ಮ ಜೊತೆ ರಸ್ತೆಯಲ್ಲಿ ಹೋಗುವಾಗ ಥಟ್ಟನೆ ನಿಂತು ಯಾವುದೋ ಕಟ್ಟಡ ತೋರಿಸಿ, "ಅಯ್ಯೋ, ಇದಾ ಅದು! ಇದರ ನೆಲಮಾಳಿಗೇಲಿ ಯಾವಾಗ್ಲೂ ನೀರು ನಿಂತಿರತ್ತೆ. ಹೊರಗಡೆ ಏನ್ ಶೋಕಿ ನೋಡು" ಅನ್ನುತ್ತಾರೆ. ಬಸ್ ಓಡಿಸಿ ನಿವೃತ್ತರಾದ ನಮ್ಮ ಮಾವ, "ನಾನು ಮೂವತ್ತು ವರ್ಷ ಈ ರಸ್ತೇಲಿ ಓಡಾಡಿದೀನಿ, ನನಗೆ ಗೇಟ್ ಬಣ್ಣಾನೂ ನೆನಪಿಲ್ಲ. ಇವಳು ಮನೇಲಿ ಕೂತು ನೆಲಮಾಳಿಗೆಗೆ ಇಳಿದು ಬಂದಿದ್ದಾಳೆ" ಎಂದು ಗೊಣಗುತ್ತಾರೆ.

ಶಾಲೆ ಮುಗಿದ ಮೇಲೆ ಟೈಪಿಂಗ್ ಕ್ಲಾಸಿಗೆ ಸೇರಿದ್ದ ಹುಡುಗಿ ಅವರು. ಅದೇ ಆಫೀಸಿನಲ್ಲಿ ಸಾಲಾಗಿ ಕೂತಿದ್ದ ಟೈಪಿಸ್ಟುಗಳಲ್ಲಿ ಒಬ್ಬರಾಗಿದ್ದರು. ಆ ಸಾಲು ಕರಗುತ್ತಾ ಬಂದು ಈಗ ಅತ್ತೆ ಒಬ್ಬರೇ ಉಳಿದಿದ್ದಾರೆ, ಅದೂ ಮನೆಯಿಂದ. ಮಾತನ್ನು ತಾನೇ ಬರೆದುಕೊಳ್ಳುವ ಸಾಫ್ಟ್‌ವೇರ್ ಒಂದನ್ನು ಆಫೀಸಿನವರು ತಂದಿದ್ದರಂತೆ. ಗೊಣಗನ ಮುಂದೆ ಅದು ಕೈಚೆಲ್ಲಿ ಕೂತಿತು. ಅಲ್ಲಿನ ಅಭ್ಯಾಸಗಳನ್ನು ಅತ್ತೆ ಮನೆಗೂ ತಂದಿದ್ದಾರೆ. ಕೆಲಸ ಮುಗಿದ ಕೂಡಲೇ ಮೆಷಿನ್ ಆಫ್ ಮಾಡಿ, ಮೇಲೊಂದು ಹೊದಿಕೆ ಹಾಕಿಯೇ ಏಳಬೇಕು. ಊಟಕ್ಕೆ ಎದ್ದರೂ ಅಷ್ಟೇ. ಹೂವಿನ ಬಟ್ಟೆಯಲ್ಲಿ ತಾವೇ ಹೊಲಿದ ಹೊದಿಕೆ ಅದು. ಅದನ್ನು ಎಳೆದು ಮೂಲೆ ಸರಿಮಾಡುವುದನ್ನು ನೋಡಿದರೆ, ಮಲಗಿದ ಮಗುವಿಗೆ ಹೊದಿಸುತ್ತಿದ್ದಾರೆ ಅನ್ನಬೇಕು.

ಇಷ್ಟೆಲ್ಲದರಲ್ಲಿ ನನ್ನ ಜಾಗ ಯಾವುದೆಂದರೆ, ಕರೆದಾಗ ಹೋಗುವುದು. ಆ ಕಂಪ್ಯೂಟರಿಗೆ ವಯಸ್ಸಾಗಿದೆ. ದಿನಕ್ಕೊಮ್ಮೆಯಾದರೂ ಮೊಂಡು ಹಿಡಿಯುತ್ತದೆ. ಆಗ ಒಳಗಿನಿಂದ, "ಏ ಬಾರೇ ಇಲ್ಲಿ, ಇದು ಮತ್ತೆ ಕಲ್ಲಾಯ್ತು" ಎಂಬ ಕೂಗು ಬರುತ್ತದೆ. ನಾನು ಮಗಳನ್ನು ಸೊಂಟಕ್ಕೇರಿಸಿಕೊಂಡು ಓಡುತ್ತೇನೆ. ಸರಿಮಾಡುವುದಕ್ಕೆ ಐದು ನಿಮಿಷ ಸಾಕು. ಆಮೇಲೆ ಅರ್ಧ ಗಂಟೆ ಅತ್ತೆ ಬಿಡುವುದಿಲ್ಲ. ಗೊಣಗನ ಕಥೆ, ರೈಲಿನ ಕಥೆ. ಮಗು ಹುಟ್ಟಿದ ಮೇಲೆ ನಾನು ಕೆಲಸ ಬಿಟ್ಟೆ. ಈಗ ದಿನವಿಡೀ ಮಾತಾಡುವುದು ಎರಡು ವರ್ಷದ ಮಗಳ ಜೊತೆ. ಗ್ಯಾಸ್ ಆಫ್ ಮಾಡಿದೆನಾ, ಬಾಗಿಲು ಚಿಲಕ ಹಾಕಿದೆನಾ, ಮಗುವಿನ ಹಣೆ ಯಾಕೆ ಬೆಚ್ಚಗಿದೆ ಎಂದು ನೂರೆಂಟು ಸಲ ನೋಡುವುದರಲ್ಲೇ ಹೊತ್ತು ಕಳೆಯುತ್ತದೆ. ಮಾವ ನನಗೆ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟಿದ್ದಾರೆ. ಹಾಗಿರುವಾಗ ಈ ಮನೆಯಲ್ಲಿ ಒಬ್ಬರಿಗೆ ನಾನು ಬೇಕು, ಬೇಕಾದಾಗ ನನ್ನನ್ನೇ ಕರೆಯುತ್ತಾರೆ ಎಂಬುದು ಸಣ್ಣ ಮಾತೇನಲ್ಲ.

ಆಗ ಆಫೀಸಿನಿಂದ ಸುದ್ದಿ ಬಂತು. ಕಂಪ್ಯೂಟರಿನಲ್ಲಿದ್ದ ಹಳೆಯ ವಿಂಡೋಸ್‌ಗೆ ಇನ್ನು ಮುಂದೆ ಅಪ್‌ಡೇಟ್ ಬರುವುದಿಲ್ಲ, ಅಂಥ ಕಂಪ್ಯೂಟರುಗಳಿಗೆ ಬರುವ ತಿಂಗಳಿನಿಂದ ಧ್ವನಿ ಕಳಿಸುವುದಿಲ್ಲ. ಹೊಸ ವಿಂಡೋಸ್ ಹಾಕೋಣವೆಂದರೆ ಈ ಮುದುಕಪ್ಪನಿಗೆ ಅದನ್ನು ತಾಳುವ ಶಕ್ತಿಯಿಲ್ಲ. ಹೊಸ ಕಂಪ್ಯೂಟರಿನ ಮಾತೆತ್ತಿದರೆ ಅತ್ತೆ ಕಿವಿ ಮುಚ್ಚಿಕೊಂಡರು. "ಕೆಟ್ಟಿಲ್ಲದಿರೋದನ್ನ ಯಾಕೆ ಬಿಸಾಕಬೇಕು? ಹಾಗಾದ್ರೆ ನನ್ನನ್ನೂ ಬಿಸಾಕಿ."

ಉಳಿದದ್ದು ಲಿನಕ್ಸ್, ವಿಂಡೋಸ್ ಜಾಗದಲ್ಲಿ ಕೂರುವ ಇನ್ನೊಂದು ಸಿಸ್ಟಂ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹಳೆಯ ಕಂಪ್ಯೂಟರಿಗೂ ಒಗ್ಗುತ್ತದೆ. ಆದರೆ ಅದರಲ್ಲೂ ಲೆಕ್ಕವಿಲ್ಲದಷ್ಟು ಬಗೆ. ನಾನು ಮಗಳನ್ನು ಮಲಗಿಸಿ ಮಧ್ಯಾಹ್ನವೆಲ್ಲ ಫೋನಿನಲ್ಲಿ ಓದಿದೆ. ಒಬ್ಬ ಚೆನ್ನಾಗಿದೆ ಅಂದದ್ದನ್ನು ಇನ್ನೊಬ್ಬ ಅದರ ಕೆಳಗೇ ಉಗಿದಿರುತ್ತಿದ್ದ. ಕೊನೆಗೆ ಒಂದನ್ನು ಆರಿಸಿದೆ. ನೋಡುವುದಕ್ಕೆ ಹೆಚ್ಚುಕಡಿಮೆ ಅತ್ತೆಯ ಹಳೆಯ ಪರದೆಯಂತೆಯೇ ಇರುವಂಥದ್ದು. ಕೆಳಗೆ ಎಡಮೂಲೆಯಲ್ಲಿ ಒತ್ತಿದರೆ ಎಲ್ಲ ಸಿಗುತ್ತದೆ. ಪರೀಕ್ಷೆಗೆಂದು ಅದನ್ನೊಂದು ಕಪ್ಪು ಪೆನ್‌ಡ್ರೈವಿಗೆ ಹಾಕಿದೆ. ಹೀಗೆ ಹಾಕಿದರೆ ಕಂಪ್ಯೂಟರಿನ ಒಳಗಿರುವುದನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ಹೊಸ ಸಿಸ್ಟಂ ನಡೆಸಿ ನೋಡಬಹುದು. ಒಗ್ಗಿದರೆ ಆಮೇಲೆ ಗಟ್ಟಿಯಾಗಿ ಕೂರಿಸಿಕೊಳ್ಳುವುದು.

ಅಷ್ಟರಲ್ಲಿ ಗಿಳಿ ಬಂದಳು.

ಗಿಳಿ ನನ್ನ ಮೈದುನನ ಹೆಂಡತಿ, ನನ್ನ ವಾರಗಿತ್ತಿ. ಎರಡು ಬೀದಿ ಆಚೆ ಮನೆ. ಫೋಟೋ ಸ್ಟುಡಿಯೋದಲ್ಲಿ ಕೆಲಸ. ಬಾಯಿ ಸುಮ್ಮನಿರುವುದಿಲ್ಲವೆಂದು ಮಾವ ಇಟ್ಟ ಹೆಸರು ಅದು. ನಾನು ಮದುವೆಯಾಗಿ ಬಂದಾಗಿನಿಂದ ಅತ್ತೆಗೆ "ಅತ್ತೆ, ನೀವು" ಅನ್ನುತ್ತೇನೆ. ಇವಳು ಬಂದ ವಾರಕ್ಕೇ "ಅಮ್ಮಾ, ನೀನು" ಅಂದಳು. ಅತ್ತೆಗೂ ಅದು ಕೇಳಿಸಲೇ ಇಲ್ಲವೇನೋ ಎಂಬಂತೆ ಒಪ್ಪಿಕೊಂಡು, ಅವಳನ್ನು "ಪುಟ್ಟೀ" ಎಂದು ಕರೆಯತೊಡಗಿದರು. ನನಗೆ ಮಾತ್ರ ಈಗಲೂ ಪ್ರತಿಸಲವೂ ಕೇಳಿಸುತ್ತದೆ.

"ಅಮ್ಮಾ, ನಮ್ಮ ಸ್ಟುಡಿಯೋದಲ್ಲಿ ಹಳೇ ಡಬ್ಬಕ್ಕೆಲ್ಲ ಒಂದು ಹಾಕಿದೀವಿ. ಬಟನ್ ಒತ್ತಿ ಕಣ್ಣು ಮಿಟುಕಿಸೋ ಅಷ್ಟರಲ್ಲಿ ರೆಡಿ" ಎಂದು ಬ್ಯಾಗಿನಿಂದ ಕೆಂಪು ಪೆನ್‌ಡ್ರೈವ್ ತೆಗೆದಳು.

"ನಾನು ಆಗ್ಲೇ ಒಂದು ನೋಡಿದೀನಿ" ಅಂದೆ.

"ಇರ್ಲಿ ಬಿಡಿ ಅಕ್ಕಾ, ಎರಡೂ ನೋಡ್ಲಿ. ನಮ್ಮ ಮನೆಯವರು ನನ್ನ ನೋಡೋಕೆ ಬರೋ ಮೊದ್ಲು ಎಷ್ಟು ಮನೆ ತಿಂಡಿ ತಿಂದಿದ್ರು ಗೊತ್ತಾ?"

ಮಾವ ಜೋರಾಗಿ ನಕ್ಕರು. ಅತ್ತೆಯೂ ನಕ್ಕರು. ಸೊಂಟದ ಮೇಲಿದ್ದ ನನ್ನ ಮಗಳೂ ನಕ್ಕು ಅವಳ ಕಡೆ ಕೈಚಾಚಿದಳು. ಎತ್ತಿಕೊಳ್ಳುವುದಕ್ಕೆ ಕೊಟ್ಟೆ, ಇನ್ನೇನು ಮಾಡಲಿ?

ಹಾಗೆ ಒಂದು ವಾರ ಕೆಂಪು, ಒಂದು ವಾರ ಕಪ್ಪು ಎಂದು ತೀರ್ಮಾನವಾಯಿತು. ಎಲ್ಲರಿಗೂ ಅದು ಕಂಪ್ಯೂಟರಿನ ವಿಷಯ. ನನಗೆ ಮಾತ್ರ ಅಲ್ಲ. ಯಾಕೆಂದರೆ ಯಾರ ಸಿಸ್ಟಂ ಕೂತರೆ ಅವರನ್ನೇ ತಾನೇ ಕರೆಯುವುದು? ಗಿಳಿಯದು ಕೂತರೆ, ಕಲ್ಲಾದಾಗ ಅತ್ತೆ ಫೋನೆತ್ತಿ "ಪುಟ್ಟೀ" ಅನ್ನುತ್ತಾರೆ. ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಾ ಕೇಳಿಸಿಕೊಳ್ಳಬೇಕು.

"ಯಾವ್ದಾದ್ರೂ ಒಂದು ಹಾಕಿ ಮುಗಿಸ್ರೇ" ಅಂದರು ನಮ್ಮ ಮನೆಯವರು. ಅವರಿಗೇನು, ಅವರ ಸ್ವಂತ ತಾಯಿ.

ಮೊದಲ ವಾರ ಕೆಂಪು. ಹೇಳಿದಂತೆಯೇ ಚುರುಕು. ಪರದೆಯ ಮೇಲೆ ಏನೂ ಇಲ್ಲ, ಒಕ್ಕಲೆಬ್ಬಿಸಿದ ಮನೆಯಂತೆ ಬೋಳು. ಎಲ್ಲಿ ಒತ್ತಿದರೆ ಏನು ಬರುತ್ತದೆಂದು ಅತ್ತೆಗೆ ತಿಳಿಯುತ್ತಿರಲಿಲ್ಲ. ತಿಳಿಯದಾಗಲೆಲ್ಲ ಗಿಳಿಗೆ ಫೋನು. ದಿನಕ್ಕೆ ಎಷ್ಟು ಸಲ ಅಂತೀರಿ! "ಪುಟ್ಟೀ, ಆ ಕಿಟಕಿ ಎಲ್ಲಿ ಹೋಯ್ತೇ?" "ಪುಟ್ಟೀ, ಅಕ್ಷರ ಇರುವೆ ಥರ ಆಗಿದೆ ಕಣೇ." ಅವಳು ಸ್ಟುಡಿಯೋದಿಂದಲೇ ಹೇಳಿಕೊಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, "ಅತ್ತೆ, ನಾನು ನೋಡ್ಲಾ?" ಅಂದರೆ, "ನಿನಗೆ ಇದು ಗೊತ್ತಿಲ್ವಲ್ಲಮ್ಮ, ಮಗು ನೋಡ್ಕೋ ಹೋಗು" ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು. ಅದೇ ಇನ್ನೂ ಉರಿ.

ವಾರದ ಕೊನೆಗೆ ಆಗಬಾರದ್ದು ಆಯಿತು. ಪೆನ್‌ಡ್ರೈವಿನಿಂದ ನಡೆಸುವ ಸಿಸ್ಟಂನಲ್ಲಿ ಒಂದು ತೊಡಕಿದೆ. ಮೊದಲೇ ವ್ಯವಸ್ಥೆ ಮಾಡದಿದ್ದರೆ, ಕಂಪ್ಯೂಟರ್ ಆಫ್ ಮಾಡಿದ ತಕ್ಷಣ ಅಲ್ಲಿ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಗಿಳಿ ಇದನ್ನು ಹೇಳಿಯೇ ಇದ್ದಳು. "ಅಮ್ಮಾ, ಬರೆದಿದ್ದನ್ನ ಆಫೀಸಿಗೆ ಕಳಿಸೋವರೆಗೂ ಆಫ್ ಮಾಡ್ಬೇಡ" ಅಂದಿದ್ದಳು. ಅತ್ತೆ ತಲೆಯಾಡಿಸಿದ್ದರು. ಆದರೆ ಅವರ ಕೈಗೆ ಇದೆಲ್ಲ ಗೊತ್ತಿಲ್ಲವಲ್ಲ! ಗೊಣಗನ ಆರು ಮಹಡಿಯ ವರದಿಯನ್ನು ಬೆಳಗಿನಿಂದ ಟೈಪ್ ಮಾಡಿ, ಊಟಕ್ಕೆ ಏಳುವಾಗ ಮೆಷಿನ್ ಆಫ್ ಮಾಡಿ, ಹೂವಿನ ಹೊದಿಕೆ ಎಳೆದು, ಮೂಲೆ ಸರಿಮಾಡಿ ಎದ್ದರು. ಉಂಡು ಬಂದು ನೋಡಿದರೆ ಆರು ಮಹಡಿಯೂ ಮಾಯ.

ದೇವರಾಣೆಗೂ, ಮೊದಲು ನನಗೆ ಆದದ್ದು ಸಂತೋಷ. ಈಗ ಗಿಳಿಗೆ ಇದೆ ಹಬ್ಬ ಅಂದುಕೊಂಡೆ. ಅತ್ತೆ ಫೋನೆತ್ತಿದಾಗ ಮಗಳ ಬಾಯಿಗೆ ಅನ್ನವಿಡುವ ನೆಪದಲ್ಲಿ ಬಾಗಿಲ ಹತ್ತಿರವೇ ಕೂತೆ.

"ಪುಟ್ಟೀ, ನೀನು ಬೇಡ ಬೇಡ ಅಂದಿದ್ದನ್ನೇ ಮಾಡಿದೆ ಕಣೇ. ಪೂರ್ತಿ ಬಿಲ್ಡಿಂಗೇ ಬಿದ್ದೋಯ್ತು."

ಆ ಕಡೆಯಿಂದ ಏನಂದಳೋ, ಅತ್ತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

ಗಿಳಿ ಅರ್ಧ ದಿನ ರಜೆ ಹಾಕಿ ಬಂದೇಬಿಟ್ಟಳು. ಹೆಡ್‌ಫೋನ್ ತಾನು ಹಾಕಿಕೊಂಡು, ಗೊಣಗ ಹೇಳಿದ್ದನ್ನು ಜೋರಾಗಿ ಹೇಳುತ್ತಾ ಹೋದಳು. ಅತ್ತೆ ಟೈಪ್ ಮಾಡುತ್ತಾ ಹೋದರು. ಹೇಳುವುದಷ್ಟೇ ಆಗಿದ್ದರೆ ಸರಿ. ಅವಳು ಗೊಣಗನಂತೆಯೇ ಏದುಸಿರು ಬಿಡುತ್ತಿದ್ದಳು. "ನಾಲ್ಕನೇ ಮಹಡಿ... ಹುಶ್... ಬಾಲ್ಕನಿ ಕಂಬಿ... ಅಯ್ಯಪ್ಪಾ... ತುಕ್ಕು ಹಿಡಿದಿದೆ... ನಂಗೂ ಹಿಡಿದಿದೆ."

"ಏಯ್, ಅವನು ಹಾಗಂದಿಲ್ಲ!"

"ಅಂದಿಲ್ಲ ಅಮ್ಮಾ, ಆದ್ರೆ ಮನಸಲ್ಲಿ ಅಂದ್ಕೊಂಡಿದ್ದಾನೆ, ಕೇಳಿಸ್ತಿದೆ."

ಅತ್ತೆ ನಕ್ಕು ನಕ್ಕು ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. ಇಷ್ಟು ವರ್ಷದಲ್ಲಿ ನನ್ನ ಜೊತೆ ಅವರು ಹಾಗೆ ನಕ್ಕಿಲ್ಲ. ಕಥೆ ಹೇಳಿದ್ದಾರೆ, ಮುಗುಳ್ನಕ್ಕಿದ್ದಾರೆ, ಕನ್ನಡಕ ತೆಗೆದಿಲ್ಲ. ನಾನು ಪಕ್ಕದ ಕೋಣೆಯಲ್ಲಿ ಮಡಿಸಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ಮರುದಿನದಿಂದ ಕಪ್ಪು ಪೆನ್‌ಡ್ರೈವಿನ ಸರದಿ. ಅದರಲ್ಲಿ ಬರೆದದ್ದೆಲ್ಲ ತಾನೇ ಉಳಿದುಕೊಳ್ಳುವಂತೆ ಮೊದಲೇ ಮಾಡಿಟ್ಟಿದ್ದೆ. ಪೆಡಲ್ ಮಾತ್ರ ಕಾಡಿತು. ಎಡಕ್ಕೆ ಒತ್ತಿದರೆ ಹಿಂದಕ್ಕೆ ಬರುವ ಬದಲು ಮುಂದಕ್ಕೆ ಓಡುತ್ತಿತ್ತು. "ಇದೇನೇ, ಗೊಣಗ ನನ್ನ ಬಿಟ್ಟು ಮೇಲೆ ಓಡಿ ಹೋಗ್ತಿದ್ದಾನೆ!" ಎಂದು ಅತ್ತೆ ಕೂಗಿದರು. ಓಡಿಹೋದೆ. ನನ್ನ ಜನ್ಮದಲ್ಲಿ ಅಷ್ಟು ಖುಷಿಯಿಂದ ಯಾವ ತೊಂದರೆಯ ಕಡೆಗೂ ಓಡಿಲ್ಲ. ಮಗಳನ್ನು ಮಾವನ ತೊಡೆಗೆ ಹಾಕಿ, ಮಧ್ಯಾಹ್ನವೆಲ್ಲ ಮೇಜಿನ ಕೆಳಗೆ ಅತ್ತೆಯ ಕಾಲ ಬಳಿ ಕೂತು, ಓದಿ, ತಡಕಾಡಿ ಸರಿಮಾಡಿದೆ.

ಸರಿಯಾಯಿತು. ಆಮೇಲೆ ಏನೂ ಆಗಲಿಲ್ಲ.

ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಒಳಗೆ ಟಕಟಕ ಟೈಪಿಂಗ್ ಸದ್ದು ಬಿಟ್ಟರೆ ಏನಿಲ್ಲ. ಕೂಗಿಲ್ಲ, ಕರೆಯಿಲ್ಲ. ಅತ್ತೆ ಹೊದಿಕೆ ಎಳೆಯುತ್ತಾರೆ, ತೆಗೆಯುತ್ತಾರೆ, ಬರೆದದ್ದು ಬರೆದ ಹಾಗೇ ಕಾದಿರುತ್ತದೆ. ತಡೆಯಲಾರದೆ ನಾನೇ ಹೋಗಿ ಇಣುಕಿದೆ.

"ಏನಾದ್ರೂ ತೊಂದರೆ ಇದ್ಯಾ ಅತ್ತೆ?"

"ಏನೂ ಇಲ್ಲಮ್ಮ. ಬೆಣ್ಣೆ ಥರ ಹೋಗ್ತಿದೆ."

"ಆ ಫೈಲ್ ತೆರೆಯೋಕೆ ಕಷ್ಟ ಆಗ್ತಿಲ್ವಾ?"

"ಇಲ್ವಲ್ಲ."

"ಅಕ್ಷರ?"

"ದಪ್ಪಗಿದೆ. ನೀನ್ಯಾಕೆ ಅಷ್ಟು ಯೋಚನೆ ಮಾಡ್ತೀಯಾ, ಹೋಗು, ಸ್ವಲ್ಪ ಮಲಕ್ಕೋ."

ಹಾಸಿಗೆಯ ಮೇಲೆ ಕೂತಾಗ ಹೊಳೆಯಿತು, ನಾನು ಎಂಥ ಪೆದ್ದಿ ಎಂದು. ಗಿಳಿಯ ಸಿಸ್ಟಂ ಹೆಜ್ಜೆಹೆಜ್ಜೆಗೂ ಕೈಕೊಟ್ಟಿತು, ಆದ್ದರಿಂದ ಹೆಜ್ಜೆಹೆಜ್ಜೆಗೂ ಅವಳು ಬೇಕಾದಳು. ನನ್ನದು ಕೈಕೊಡಲಿಲ್ಲ, ಆದ್ದರಿಂದ ನಾನು ಬೇಡವಾದೆ. ಇಷ್ಟು ದಿನ ಓದಿ, ಹುಡುಕಿ, ಆರಿಸಿ, ನನ್ನ ಜಾಗವನ್ನು ನಾನೇ ಗುಡಿಸಿ ಹೊರಗೆ ಹಾಕಿದ್ದೆ. ಅವಳು ಗೆದ್ದರೆ ಅತ್ತೆ ಅವಳನ್ನು ಕರೆಯುತ್ತಾರೆ. ನಾನು ಗೆದ್ದರೆ ಯಾರನ್ನೂ ಕರೆಯುವುದಿಲ್ಲ.

ಭಾನುವಾರ ಎಲ್ಲರೂ ಸೇರಿದ್ದಾಗ ಅತ್ತೆ ತೀರ್ಪು ಕೊಟ್ಟರು. "ಪುಟ್ಟೀದು ಅವಳ ಥರಾನೇ ಇದೆ. ಚುರುಕು, ಆದ್ರೆ ಯಾವ ಸಾಮಾನು ಎಲ್ಲಿಟ್ಟಿದೆ ಅಂತ ಅದಕ್ಕೇ ಗೊತ್ತಿಲ್ಲ. ಇವಳದು ಇವಳ ಥರ. ಏಳೋದು ಸ್ವಲ್ಪ ನಿಧಾನ, ಪ್ರತಿಯೊಂದಕ್ಕೂ 'ಖಂಡಿತಾನಾ, ಖಂಡಿತಾನಾ' ಅಂತ ಕೇಳತ್ತೆ. ಆದ್ರೆ ಏನನ್ನೂ ಕಳೆಯಲ್ಲ. ನನಗೆ ಇದೇ ಇರ್ಲಿ."

"ಅಯ್ಯೋ, ಸೋತೆ!" ಎಂದು ಗಿಳಿ ನಗುತ್ತಾ ಎರಡೂ ಕೈ ಮೇಲೆತ್ತಿದಳು. ಒಂದಿಷ್ಟೂ ಬೇಜಾರಿಲ್ಲ ಅವಳಿಗೆ. ಅವಳ ಮುಖವನ್ನೇ ನೋಡಿದೆ, ಎಲ್ಲಾದರೂ ಮೂಲೆಯಲ್ಲಿ ಬೇಜಾರು ಇದೆಯೇನೋ ಎಂದು. ಇರಲಿಲ್ಲ. ಗೆದ್ದ ನನಗೇ ಹೊಟ್ಟೆಕಿಚ್ಚು, ಸೋತವಳಿಗೆ ಇಲ್ಲ, ಇದೆಂಥ ನ್ಯಾಯ?

ನಾನು ಕಪ್ಪು ಪೆನ್‌ಡ್ರೈವಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಕಾಯಂ ಆಗಿ ಹಾಕಿದೆ. ಆಫೀಸಿನವರು ಪರೀಕ್ಷಿಸಿ ಒಪ್ಪಿದರು. ತಿಂಗಳು ತಿರುಗಿದರೂ ಅತ್ತೆಗೆ ಧ್ವನಿ ಬರುವುದು ನಿಲ್ಲಲಿಲ್ಲ. ನಿಂತದ್ದು ಕರೆಯುವುದು ಮಾತ್ರ.

ಅದಾದ ಮೇಲೆ ಒಂದು ಮಧ್ಯಾಹ್ನ ಮಗಳಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದೆ. ಅತ್ತೆ ಕಾಗದದ ದೊಡ್ಡ ಕಟ್ಟೊಂದನ್ನು ಮೇಜಿನ ಮೇಲೆ ಕುಟ್ಟಿ ಅಂಚು ಸರಿಮಾಡುತ್ತಿರುವುದು ಕೇಳಿಸಿತು. ಯಾವುದೋ ಆಸ್ಪತ್ರೆಯ ಹಳೆಯ ಕಟ್ಟಡವಂತೆ, ಗೊಣಗ ಮತ್ತು ರೈಲು ಇಬ್ಬರೂ ಸೇರಿ ನೋಡಿದ್ದು. ಇಂಥ ದೊಡ್ಡ ವರದಿಯನ್ನು ಕಳಿಸುವ ಮೊದಲು ಇನ್ನೊಬ್ಬರು ಧ್ವನಿ ಕೇಳುತ್ತಾ ಪುಟಕ್ಕೆ ಪುಟ ತಾಳೆ ನೋಡಬೇಕೆಂದು ಆಫೀಸಿನವರು ಹೇಳಿದ್ದರು.

"ಇಷ್ಟೊಂದಾ! ಯಾರು ನೋಡ್ತಾರೆ ಅತ್ತೆ?" ಅಂದೆ.

"ಪುಟ್ಟೀನ ಕೇಳಿದ್ದೆ. ಸಂಜೆ ಬಂದು ಕೂತ್ಕೋತೀನಿ ಅಂದ್ಲು."

ಬಾಳೆಹಣ್ಣು ಕೈಯಲ್ಲೇ ಉಳಿಯಿತು.

"ನಾನು ಮನೇಲೇ ಇದೀನಲ್ಲ ಅತ್ತೆ."

"ನಿನಗೆ ಮಗು ಕೆಲಸ ಇರತ್ತಲ್ಲ. ಇದು ಬೇಜಾರಿನ ಕೆಲಸ ಬೇರೆ."

"ಬೇಜಾರು ಅಂತ ನಾನು ಯಾವಾಗ ಹೇಳಿದೆ? ನನ್ನ ಕೇಳಿದ್ರಾ ನೀವು?"

ಧ್ವನಿ ನಾನು ಅಂದುಕೊಂಡದ್ದಕ್ಕಿಂತ ಮೇಲೆ ಹೋಯಿತು. ಅತ್ತೆ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು. "ಇಲ್ಲ, ಕೇಳ್ಲಿಲ್ಲ" ಅಂದರು ಮೆಲ್ಲಗೆ. "ನೀನು ಯಾವಾಗ್ಲೂ ಬರ್ತೀಯ, ರಿಪೇರಿ ಮಾಡ್ತೀಯ, ಮಗು ಅಂತ ಎದ್ದು ಹೋಗ್ತೀಯ. ಕೂತ್ಕೋಳೋಕೆ ನಿನಗೆಲ್ಲಿ ಪುರುಸೊತ್ತು ಅಂದ್ಕೊಂಡೆ. ಹಿಡಿದು ಕೂರಿಸಿದ್ರೆ ಅರ್ಧ ಗಂಟೆ ಇರ್ತಿದ್ದೆ, ಅದೂ ಬಾಗಿಲ ಕಡೆ ನೋಡ್ತಾ."

ನಾನು ಅತ್ತೆ ಬಿಡುವುದಿಲ್ಲ ಎಂದುಕೊಂಡಿದ್ದೆ. ಅವರು ನಾನು ನಿಲ್ಲುವುದಿಲ್ಲ ಎಂದುಕೊಂಡಿದ್ದರು.

ಅಡುಗೆಮನೆಯಿಂದ ಸ್ಟೂಲ್ ತಂದು ಅವರ ಪಕ್ಕಕ್ಕೆ ಎಳೆದು ಕೂತೆ. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡೆ. ಹೆಡ್‌ಫೋನ್ ಕಿವಿಗಿಟ್ಟುಕೊಂಡೆ. ಅತ್ತೆ ಪೆಡಲ್ ಒತ್ತಿದರು. ಮೊದಲ ಸಲ ಗೊಣಗನ ಧ್ವನಿ ಕೇಳಿದೆ. ಬಾಯಲ್ಲಿ ಹತ್ತಿ ತುಂಬಿಕೊಂಡು ಮಾತಾಡುವವನಂತೆ. ಮೆಟ್ಟಿಲು ಹತ್ತುವ ಸದ್ದು, ಎಲ್ಲೋ ಕಿರುಗುಟ್ಟುವ ಬಾಗಿಲು, ಬೀಗದ ಕೈ ಗೊಂಚಲು. ಒಂದು ಮಹಡಿ ಮುಗಿಯುವಷ್ಟರಲ್ಲಿ ಪುಟದ ಮೇಲೆ ನನ್ನ ಬೆರಳು ಅವನ ಜೊತೆಗೇ ಹೋಗುತ್ತಿತ್ತು.

"ಅತ್ತೆ, ಇಲ್ಲಿ ಅವನು ಬಲಗಡೆ ಅಂದ, ನೀವು ಎಡಗಡೆ ಅಂತ ಹಾಕಿದೀರ."

ಅತ್ತೆ ಎಡಕ್ಕೆ ಒತ್ತಿ, ಹೆಡ್‌ಫೋನಿನ ಒಂದು ಬದಿಯನ್ನು ತಮ್ಮ ಕಿವಿಗೆ ಎಳೆದುಕೊಂಡರು. ಇಬ್ಬರ ತಲೆಯೂ ತಾಗಿತು. "ಹೌದಲ್ಲೇ! ಚೆನ್ನಾಗಿರೋ ಗೋಡೆ ಒಡೆಸಿಬಿಡ್ತಿದ್ದೆ ನಾನು."

ಮಗಳು ತೊಡೆಯ ಮೇಲೇ ನಿದ್ದೆಹೋದಳು. ಇಬ್ಬರೂ ಇನ್ನೊಂದು ಮಹಡಿ ಹತ್ತಿದೆವು. ರೈಲು ಶುರುವಾದ ಮೇಲೆ ಎರಡು ಸಲ ಹಿಂದಕ್ಕೆ ಹೋಗಬೇಕಾಯಿತು. ಅವನು ಒಂದೇ ಉಸಿರಿನಲ್ಲಿ ಹನ್ನೊಂದು ಕಿಟಕಿ ಹೇಳಿ, ಕೊನೆಗೆ ಯಾರಿಗೋ "ಊಟಕ್ಕೆ ಏನಿದೆ?" ಎಂದು ಕೇಳಿದ್ದ. ಅತ್ತೆ ಅದನ್ನೂ ಟೈಪ್ ಮಾಡಿದ್ದರು. ತೋರಿಸಿದೆ. ಅವರು ಪುಟ ನೋಡಿದರು, ನನ್ನ ನೋಡಿದರು. ಆಮೇಲೆ ಮಗು ಏಳಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಕನ್ನಡಕ ತೆಗೆದರು.

ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. "ಅಮ್ಮಾ, ಬಂದೆ!" ಎಂದು ಗಿಳಿ ಬಾಗಿಲಿಗೆ ಬಂದು ನಿಂತಳು. ಸ್ಟೂಲಿನ ಮೇಲೆ ನನ್ನನ್ನು ನೋಡಿ, "ಅಕ್ಕಾ, ನೀವು ಏಳಿ, ನಾನು ನೋಡ್ತೀನಿ. ಪಾಪ, ಮಗು ಬೇರೆ ಮಲಗಿದೆ" ಅಂದಳು.

ನಾನು ಹೆಡ್‌ಫೋನ್ ತೆಗೆಯಲಿಲ್ಲ.

"ಇನ್ನೂ ಎರಡು ಮಹಡಿ ಇದೆ" ಅಂದೆ. "ಟೀ ನೀನೇ ಮಾಡ್ಕೊಳೇ, ಹಾಲು ಫ್ರಿಜ್ಜಲ್ಲಿದೆ. ಹಾಗೇ ನಮಗೂ ಎರಡು ಲೋಟ."